ಸಿಸ್ಟೀನ್: ಬಾಟಲಿಯ ಮುಂಬದಿ ಬೇರೆ, ಹಿಂಬದಿ ಬೇರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅಮೈನೋ ಆಮ್ಲದ (ಪ್ರೋಟೀನು ಕಟ್ಟುವ ಇಟ್ಟಿಗೆಗಳಲ್ಲಿ ಒಂದು) ಸುತ್ತ ಇವೆ. ಪಾರ್ಲರಿನ ರೇಟ್ ಕಾರ್ಡು, ಶ್ಯಾಂಪೂ ಬಾಟಲಿ, ಕೂದಲಿನ ಮಾತ್ರೆ, ಮೈಬಣ್ಣದ ಇಂಜೆಕ್ಷನ್ನಿನ ಜಾಹೀರಾತು, ಎಲ್ಲೆಲ್ಲೂ ಸಿಸ್ಟೀನ್. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಉದ್ದದ ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇವೆ.

ಪ್ರಶ್ನೆ: ಮೇಡಂ, ಇನ್ನೆರಡು ತಿಂಗಳಿಗೆ ನನ್ನ ಮದುವೆ. ಕೂದಲು ಒರಟು, ಮಳೆ ಬಂದರೆ ಸಾಕು ಉಬ್ಬಿಕೊಳ್ಳುತ್ತದೆ. ಪಾರ್ಲರಿನಲ್ಲಿ "ಕೆರಾಟಿನ್ ಬೇಡ, ಅದರಲ್ಲಿ ಫಾರ್ಮಲಿನ್ ಇರುತ್ತೆ, ಸಿಸ್ಟೀನ್ ಮಾಡಿಸಿ, ಅದು ಬರೀ ಅಮೈನೋ ಆಸಿಡ್, ಏನೂ ಆಗಲ್ಲ" ಎನ್ನುತ್ತಾರೆ. ನಂಬಬಹುದೇ?
— ಓದುಗರು, ತುಮಕೂರು

ಉತ್ತರ: ಮಾತಿನ ಮೊದಲರ್ಧ ಕೆಲವೊಮ್ಮೆ ನಿಜ. "ಬರೀ ಅಮೈನೋ ಆಸಿಡ್" ಎಂಬುದು ಬಹುಪಾಲು ಸುಳ್ಳು.

ಕೂದಲಿನ ಪ್ರೋಟೀನಾದ ಕೆರಾಟಿನ್ ಗಟ್ಟಿಯಾಗಿರುವುದಕ್ಕೆ ಸಿಸ್ಟೀನೇ ಕಾರಣ. ಪಕ್ಕಪಕ್ಕದ ಎರಡು ಸಿಸ್ಟೀನ್‌ಗಳ ಗಂಧಕ ಒಂದಕ್ಕೊಂದು ಬೆಸೆದುಕೊಂಡಾಗ ಆಗುವ ಜೋಡಿಗೆ ಸಿಸ್ಟಿನ್ ಎಂದು ಹೆಸರು. ಕೂದಲನ್ನು ಉದ್ದಕ್ಕೂ ಹಿಡಿದಿಡುವ ಹೊಲಿಗೆ ಅದು. ಆಕಾರವನ್ನು ಕಾಯಂ ಆಗಿ ಬದಲಿಸಬೇಕೆಂದರೆ ಈ ಹೊಲಿಗೆ ಬಿಚ್ಚಿ, ಬೇಕಾದ ಆಕಾರದಲ್ಲಿಟ್ಟು, ಮತ್ತೆ ಹಾಕಬೇಕು. ಬಿಡಿ ಸಿಸ್ಟೀನ್‌ಗೆ ಬಿಚ್ಚುವ ಶಕ್ತಿ ಇದೆ. ಆದರೆ ದ್ರಾವಣ ಕ್ಷಾರೀಯವಾಗಿರಬೇಕು, ಅಂದರೆ ಹುಳಿ–ಕ್ಷಾರ ಅಳೆಯುವ ಪಿಎಚ್ 8ಕ್ಕಿಂತ ಮೇಲಿರಬೇಕು.

ನಮ್ಮ ಪಾರ್ಲರುಗಳಲ್ಲಿ "ಸಿಸ್ಟೀನ್" ಎಂದು ಮಾಡುವ ಸ್ಟ್ರೇಟನಿಂಗಿನಲ್ಲಿ ಹಚ್ಚುವ ಕ್ರೀಮು ಸಾಮಾನ್ಯವಾಗಿ ಹುಳಿ ಗುಣದ್ದು. ಬಾಟಲಿ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಅನೇಕ ಬಾಟಲಿಗಳಲ್ಲಿ ಸಿಗುವ ಹೆಸರು ಗ್ಲೈಆಕ್ಸಿಲಾಯ್ಲ್ ಕಾರ್ಬೋಸಿಸ್ಟೀನ್. ಈ ಕಾರ್ಬೋಸಿಸ್ಟೀನ್‌ನ ಗಂಧಕಕ್ಕೆ ಮೊದಲೇ ಬೇರೊಂದು ಗುಂಪು ಅಂಟಿಕೊಂಡಿರುತ್ತದೆ, ಹಾಗಾಗಿ ಕೂದಲಿನ ಹೊಲಿಗೆಯನ್ನು ಅದು ಮುಟ್ಟಲಾರದು. ಕೂದಲನ್ನು ನೇರವಾಗಿಸುವುದು ಜೊತೆಗಿರುವ ಗ್ಲೈಆಕ್ಸಿಲಿಕ್ ಆಮ್ಲ ಮತ್ತು 210ರಿಂದ 230 ಡಿಗ್ರಿ ಸೆಲ್ಸಿಯಸ್ ಬಿಸಿಯ ಐರನ್. ಸಿಸ್ಟೀನ್ ಅಲ್ಲಿ ಹೆಸರಿಗೆ ಮಾತ್ರ.

ಈ ಆಮ್ಲದಿಂದ ತೊಂದರೆ ಎರಡು. ಒಂದು, ಅಷ್ಟು ಬಿಸಿಗೆ ಅದು ಒಡೆದು ಫಾರ್ಮಾಲ್ಡಿಹೈಡ್ (ಫಾರ್ಮಲಿನ್‌ನಲ್ಲಿರುವುದು ಇದೇ) ಅನಿಲ ಹೊರಬರಬಹುದು. ಡಬ್ಬಿಯ ಮೇಲೆ "ಫಾರ್ಮಾಲ್ಡಿಹೈಡ್ ಫ್ರೀ" ಎಂದಿದ್ದರೂ ಕಣ್ಣು ಉರಿಯುವುದು, ಗಂಟಲು ಕೆರೆಯುವುದು ಇದಕ್ಕೇ. ಎರಡನೆಯದು ಇನ್ನೂ ಗಂಭೀರ. ನೆತ್ತಿಯ ಚರ್ಮದ ಮೂಲಕ ಒಳಹೋದ ಗ್ಲೈಆಕ್ಸಿಲಿಕ್ ಆಮ್ಲ ದೇಹದಲ್ಲಿ ಆಕ್ಸಲೇಟ್ ಆಗಿ, ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದೊಳಗೆ ಹರಳುಗಟ್ಟಬಲ್ಲದು. 26 ವರ್ಷದ ಮಹಿಳೆಯೊಬ್ಬರಿಗೆ 2020, 2021 ಮತ್ತು 2022ರಲ್ಲಿ, ಪ್ರತಿ ಸಲ ಸ್ಟ್ರೇಟನಿಂಗ್ ಮಾಡಿಸಿದ ಬೆನ್ನಿಗೇ ಕಿಡ್ನಿಗೆ ಪೆಟ್ಟಾಗಿದ್ದನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ವರದಿ ಮಾಡಿದರು. ಹಚ್ಚಿದ್ದ ಕ್ರೀಮಿನಲ್ಲಿ ಶೇ 10ರಷ್ಟು ಗ್ಲೈಆಕ್ಸಿಲಿಕ್ ಆಮ್ಲವಿತ್ತು. ಇಸ್ರೇಲಿನಿಂದ ಅದಕ್ಕೂ ಮುಂಚೆಯೇ ಇಂಥ 26 ಮಂದಿಯ ವರದಿ ಬಂದಿತ್ತು. ಮಾಡಿಸಿಕೊಂಡ ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಯಾರಿಗೆ ಆಗುತ್ತದೆಂದು ಮೊದಲೇ ಹೇಳುವ ಪರೀಕ್ಷೆಯೂ ಇಲ್ಲ. ಮಾಡಿಸಿದ ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ವಾಂತಿ, ಹೊಟ್ಟೆನೋವು, ಸೊಂಟದ ಮೇಲ್ಭಾಗದಲ್ಲಿ ನೋವು ಬಂದರೆ, ಮೂತ್ರ ಕಡಿಮೆಯಾದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಕೂದಲಿಗೆ ಏನು ಮಾಡಿಸಿದಿರಿ ಎಂಬುದನ್ನೂ ಹೇಳಿ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.

ಆದ್ದರಿಂದ ಪಟ್ಟಿಯಲ್ಲಿ ಗ್ಲೈಆಕ್ಸಿಲಿಕ್ ಆಸಿಡ್, ಗ್ಲೈಆಕ್ಸಿಲಾಯ್ಲ್ ಎಂದು ಶುರುವಾಗುವ ಯಾವುದೇ ಹೆಸರು, ಮಿಥಿಲೀನ್ ಗ್ಲೈಕಾಲ್, ಫಾರ್ಮಲಿನ್ ಕಂಡರೆ ಬೇಡ ಎನ್ನಿ. ಹೇರ್ ಬೊಟಾಕ್ಸ್, ನ್ಯಾನೋಪ್ಲಾಸ್ಟಿಯಾ ಎಂಬ ಹೆಸರಿನಲ್ಲಿ ಕೊಟ್ಟರೂ ಇದೇ ಮಾತು. ಬಾಟಲಿ ತೋರಿಸಲು ಒಪ್ಪದ ಪಾರ್ಲರಿನಿಂದ ಎದ್ದು ಬನ್ನಿ. ಗರ್ಭಿಣಿಯರು, ಹಾಲುಣಿಸುವವರು, ಕಿಡ್ನಿ ತೊಂದರೆ ಇರುವವರಿಗೆ ಇದು ಬೇಡವೇ ಬೇಡ.

ಬೇರೆ ಯಾವ ಟ್ರೀಟ್‌ಮೆಂಟ್ ಮಾಡಿಸುವುದಿದ್ದರೂ ಮದುವೆಗೆ ಆರು ವಾರ ಮುಂಚೆ ಮಾಡಿಸಿ, ಮದುವೆಯ ವಾರ ಬೇಡ. ಮೊದಲು ಒದ್ದೆ ಕೂದಲಿನ ಒಂದೆಳೆ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ಬಿಟ್ಟಾಗ ಹಿಂದಿನ ಉದ್ದಕ್ಕೆ ಬಂದರೆ ಸರಿ. ಹಿಗ್ಗಿದ್ದು ಹಾಗೇ ಜೋತುಬಿದ್ದರೆ ಅಥವಾ ಪಟ್ಟನೆ ತುಂಡಾದರೆ ಆ ಕೂದಲು ಯಾವ ಕೆಮಿಕಲ್ಲನ್ನೂ ತಾಳುವುದಿಲ್ಲ. ಕಿವಿಯ ಹಿಂದೆ ಚಿಟಿಕೆಯಷ್ಟು ಹಚ್ಚಿ 48 ಗಂಟೆ ಕಾಯಿರಿ. ಕ್ರೀಮು ಬುಡದಿಂದ ಒಂದು ಸೆಂಟಿಮೀಟರಾದರೂ ದೂರವಿರಲಿ, ನೆತ್ತಿಗೆ ತಾಗದಿರಲಿ. ಕೂದಲು ಪೂರ್ತಿ ಒಣಗದೆ ಐರನ್ ಇಡಗೊಡಬೇಡಿ. ಒಳಗಿನ ನೀರು ಕುದಿದು ಎಳೆಯೊಳಗೇ ಗುಳ್ಳೆಗಳಾಗುತ್ತವೆ, ಆಮೇಲೆ ಅದೇ ಜಾಗದಲ್ಲಿ ಮುರಿಯುತ್ತದೆ.

ನಮ್ಮನ್ನೇ ಕೇಳಿದರೆ, ಒಂದು ದಿನದ ಜಡೆಗಾಗಿ ಇಷ್ಟೆಲ್ಲ ಬೇಡ. ಹಿಂದಿನ ದಿನ ಶ್ಯಾಂಪೂ, ಕಂಡಿಷನರ್, ಬ್ಲೋ ಡ್ರೈ, ಮೇಲೊಂದಿಷ್ಟು ಸಿಲಿಕೋನ್ ಸೀರಮ್. ಮುಹೂರ್ತ, ಆರತಕ್ಷತೆ ಎರಡಕ್ಕೂ ಸಾಕು.

ಪ್ರಶ್ನೆ: ನಾನು ಬ್ಯೂಟಿಷಿಯನ್. ಗುಂಗುರು ಮಾಡಲು ಥಯೋ ಲೋಷನ್ ಬದಲು ಸಿಸ್ಟೀನ್ ಪರ್ಮ್ ಲೋಷನ್ ಬಳಸುತ್ತಿದ್ದೇನೆ. ಎರಡು ತೊಂದರೆ: ಕೆಲವರಿಗೆ ಒಣಗಿದ ಮೇಲೆ ಕೂದಲಿನ ಮೇಲೆ ತಲೆಹೊಟ್ಟಿನಂಥ ಬಿಳಿ ಪುಡಿ ಕಾಣುತ್ತದೆ. ಮೆಹಂದಿ ಹಾಕುವವರಿಗೆ ಸುರುಳಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಏನು ತಪ್ಪುತ್ತಿದೆ?
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮದು ನಿಜವಾಗಿ ಸಿಸ್ಟೀನ್ ಕೆಲಸ ಮಾಡುವ ಲೋಷನ್. ಜಪಾನಿನಲ್ಲಿ ಇಂಥ ಪರ್ಮ್ ಲೋಷನ್‌ಗಳಿಗೆ ಸರ್ಕಾರದ ಮಾನದಂಡವೇ ಇದೆ: ಸಿಸ್ಟೀನ್ ಶೇ 3ರಿಂದ 7.5, ಪಿಎಚ್ 8ರಿಂದ 9.5. ಥಯೋ ಲೋಷನ್‌ನಲ್ಲಿರುವ ಥಯೋಗ್ಲೈಕೋಲಿಕ್ ಆಮ್ಲದಷ್ಟು ಬಿರುಸಿಲ್ಲ, ಹಾಗಾಗಿ ಬಣ್ಣ ಹಾಕಿದ, ಸೊರಗಿದ ಕೂದಲಿಗೆ ಹೊಂದುತ್ತದೆ. ಗಟ್ಟಿ, ದಪ್ಪ, ನೇರ ಕೂದಲಿಗೆ ಅಷ್ಟೊಂದು ಹಿಡಿಯುವುದಿಲ್ಲ, ಅದನ್ನು ಗಿರಾಕಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಿಳಿ ಪುಡಿ ಹೊಟ್ಟಲ್ಲ, ಸಿಸ್ಟಿನ್ ಹರಳು. ಸಿಸ್ಟೀನ್ ನೀರಿನಲ್ಲಿ ಧಾರಾಳವಾಗಿ ಕರಗುತ್ತದೆ, ಲೀಟರಿಗೆ 200 ಗ್ರಾಂಗಿಂತ ಹೆಚ್ಚು. ಅದೇ ಎರಡು ಬೆಸೆದು ಸಿಸ್ಟಿನ್ ಆದರೆ ಲೀಟರಿಗೆ ಕರಗುವುದು ಸುಮಾರು 0.1 ಗ್ರಾಂ ಅಷ್ಟೇ. ಗಾಳಿಯ ಆಮ್ಲಜನಕ ತಾಗಿದರೂ, ಬಿಚ್ಚಿದ ಹೊಲಿಗೆಯನ್ನು ಮತ್ತೆ ಹಾಕುವ ದ್ರಾವಣವಾದ ನ್ಯೂಟ್ರಲೈಜರ್ ತಾಗಿದರೂ ಈ ಬದಲಾವಣೆ ಆಗುತ್ತದೆ. ಬೆರಳಿನಲ್ಲಿ ಉಜ್ಜಿ ನೋಡಿ: ಹೊಟ್ಟು ಮೆತ್ತಗೆ ಪದರಪದರವಾಗಿರುತ್ತದೆ, ಇದು ಸಣ್ಣ ಸಕ್ಕರೆಯಂತೆ ಗರಗರ ಎನ್ನುತ್ತದೆ, ನೆತ್ತಿಯಲ್ಲಿ ಇಲ್ಲದೆ ಎಳೆಯ ಮಧ್ಯದಲ್ಲೂ ತುದಿಯಲ್ಲೂ ಇರುತ್ತದೆ.

ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಹಿಂದೆ ತೆರೆದು ಉಳಿಸಿದ ಬಾಟಲಿ ಬಳಸಿರುತ್ತೀರಿ. ರಾಡ್ ಸುತ್ತಿದ ಮೇಲೆ ಕ್ಯಾಪ್ ಹಾಕದೆ ಲೋಷನ್ ಫ್ಯಾನಿನ ಗಾಳಿಗೆ ಒಣಗಿರುತ್ತದೆ. ಇಲ್ಲವೇ, ಇದೇ ಹೆಚ್ಚು, ನ್ಯೂಟ್ರಲೈಜರ್‌ಗೆ ಮುಂಚೆ ಲೋಷನ್ ಸರಿಯಾಗಿ ತೊಳೆದಿರುವುದಿಲ್ಲ. ರಾಡ್ ಬಿಚ್ಚದೆಯೇ ಉಗುರುಬೆಚ್ಚಗಿನ ನೀರನ್ನು ಐದು ನಿಮಿಷ ಹರಿಸಿ, ಪ್ರತಿ ರಾಡನ್ನೂ ಟವೆಲಿನಿಂದ ಒತ್ತಿ ನೀರು ತೆಗೆದು, ಆಮೇಲೆ ನ್ಯೂಟ್ರಲೈಜರ್ ಹಾಕಿ. ಈ ಲೋಷನ್‌ಗಳಲ್ಲಿ ಅಮೋನಿಯಾದ ಬದಲು ಮೊನೊಎಥನಾಲಮೈನ್ ಎಂಬ ಕ್ಷಾರ ಇದ್ದರೆ ಅದು ಆವಿಯಾಗಿ ಹೋಗುವುದಿಲ್ಲ, ಹಾಗಾಗಿ ಈ ಐದು ನಿಮಿಷದಲ್ಲಿ ಚೌಕಾಸಿ ಬೇಡ. ಪಟ್ಟಿಯಲ್ಲಿ ಅಸಿಟೈಲ್ ಸಿಸ್ಟೀನ್ ಕೂಡ ಇರುವ ಲೋಷನ್ ಆರಿಸಿದರೆ ಹರಳುಗಟ್ಟುವುದು ಕಡಿಮೆ. ಈಗಾಗಲೇ ಕೂತಿರುವ ಪುಡಿಗೆ ವಿನೆಗರ್, ನಿಂಬೆರಸ ಹಾಕಿ ಫಲವಿಲ್ಲ, ಆ ಮಟ್ಟದ ಹುಳಿಗೆ ಸಿಸ್ಟಿನ್ ಕರಗದು. ಕಂಡಿಷನರ್ ಹಚ್ಚಿ, ಒದ್ದೆಯಲ್ಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಶ್ಯಾಂಪೂ ಹಾಕಿದರೆ ಎರಡು ಮೂರು ಸಲಕ್ಕೆ ಹೋಗುತ್ತದೆ.

ಇನ್ನು ಮೆಹಂದಿ. ಶುದ್ಧ ಮೆಹಂದಿ ಎಳೆಯ ಹೊರಪದರಕ್ಕೆ ಅಂಟಿ ಲೋಷನ್ ಒಳಹೋಗುವುದನ್ನು ತಡೆಯುತ್ತದೆ. ಎಷ್ಟು ಸಲ ಹಾಕಿದ ಭಾಗವೋ ಅಷ್ಟು ತಡೆ, ಆದ್ದರಿಂದ ಬುಡ ಬಿಗಿ, ತುದಿ ಸಡಿಲ. ನಮ್ಮ ಕಡೆ ಕಬ್ಬಿಣದ ಬಾಣಲೆಯಲ್ಲಿ ಚಹಾ ಡಿಕಾಕ್ಷನ್ ಹಾಕಿ ರಾತ್ರಿಯಿಡೀ ನೆನೆಸುವ ರೂಢಿ ಬೇರೆ ಇದೆಯಲ್ಲ, ಆಗ ಕೂದಲಿಗೆ ಕಬ್ಬಿಣವೂ ಹತ್ತುತ್ತದೆ. ಕ್ಷಾರದಲ್ಲಿ ಸಿಸ್ಟೀನ್ ಮತ್ತು ಕಬ್ಬಿಣ ಸೇರಿದರೆ ನೇರಳೆ ಛಾಯೆ ಬರುತ್ತದೆ, ಲೋಷನ್ ಕೂದಲಿಗೆ ಕೆಲಸ ಮಾಡುವ ಮೊದಲೇ ಸವೆದುಹೋಗುತ್ತದೆ. "ಕಪ್ಪು ಮೆಹಂದಿ" ಎಂದು ಮಾರುವ ಕೆಲವು ಪುಡಿಗಳಲ್ಲಿ ಲೋಹದ ಲವಣಗಳಿದ್ದರೆ ಅಪಾಯ ಇನ್ನೂ ಹೆಚ್ಚು. ಅನುಮಾನ ಬಂದರೆ ಹೀಗೆ ಪರೀಕ್ಷಿಸಿ: ಗಾಜಿನ ಬಟ್ಟಲಿನಲ್ಲಿ 30 ಮಿಲಿಲೀಟರ್ 20 ವಾಲ್ಯೂಮ್ ಪೆರಾಕ್ಸೈಡ್, ಅದಕ್ಕೆ ಶೇ 28ರ ಅಮೋನಿಯಾ 20 ಹನಿ. ಗಿರಾಕಿಯ ಕೂದಲ ಸಣ್ಣ ಗೊಂಚಲು ಕತ್ತರಿಸಿ 30 ನಿಮಿಷ ಮುಳುಗಿಸಿಡಿ. ಬಿಸಿಯಾದರೆ, ನೊರೆ ಎದ್ದರೆ, ಬಣ್ಣ ತಟ್ಟನೆ ಬದಲಾದರೆ ಲೋಹ ಇದೆ ಎಂದು ಅರ್ಥ. ಆ ತಲೆಗೆ ಪರ್ಮ್ ಮಾಡಬೇಡಿ, ಆ ಭಾಗ ಬೆಳೆದು ಕತ್ತರಿಸುವವರೆಗೆ ಕಾಯಬೇಕು.

ಪ್ರಶ್ನೆ: ಟ್ರೀಟ್‌ಮೆಂಟ್ ಆದ ಮೇಲೆ ಮೂರು ದಿನ ತಲೆಗೆ ನೀರು ತಾಗಿಸಬೇಡಿ, ಸೀಗೆಪುಡಿ ಮುಟ್ಟಲೇಬೇಡಿ ಎಂದಿದ್ದಾರೆ. ನಮ್ಮದು ಬೋರ್‌ವೆಲ್ ನೀರು. ಎಷ್ಟು ದಿನ ಬಾಳಿಕೆ ಬರುತ್ತದೆ?
— ಓದುಗರು, ಕೋಲಾರ

ಉತ್ತರ: ಪಾರ್ಲರಿನವರು ಏನು ಹಚ್ಚಿದ್ದಾರೆ ಎಂಬುದರ ಮೇಲೆ ಇದೆ. ಐರನ್ನಿನಿಂದ ಹಿಡಿಸುವ ಹುಳಿ ಕ್ರೀಮುಗಳಿಗೆ ತಯಾರಕರು ಕೊಡುವ ಅವಧಿಯನ್ನು, ಕೆಲವರು ಅದೇ ದಿನ ತೊಳೆಯಿರಿ ಎಂದಿದ್ದರೆ ಅದನ್ನೇ, ಪಾಲಿಸಿ. ಎಲ್ಲಕ್ಕೂ ಮೂರು ದಿನ ಎನ್ನುವುದು ಬಾಯಿಪಾಠ. ಫಲ ಎರಡರಿಂದ ನಾಲ್ಕು ತಿಂಗಳು, ತಲೆಸ್ನಾನ ಹೆಚ್ಚಾದಷ್ಟೂ ಕಡಿಮೆ.

ಸೀಗೆಕಾಯಿಯ ವಿಷಯದಲ್ಲಿ ದೂರು ಅರ್ಧ ಮಾತ್ರ ಸರಿ. ಸೀಗೆ ಸ್ವಭಾವತಃ ಹುಳಿ, ಕೂದಲಿನ ಪದರಗಳನ್ನು ತೆರೆಯುವುದಿಲ್ಲ. ತೊಂದರೆ ಕೊಡುವುದು ಅದರ ತರಿ. ಒಣ ಪುಡಿಯನ್ನು ಕೈಯಲ್ಲಿ ತಿಕ್ಕಿದರೆ ಎಳೆ ಸವೆಯುತ್ತದೆ. ಕಾಯಿಯನ್ನು ನೆನೆಸಿ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿದ ನೀರಾದರೆ ಪರವಾಗಿಲ್ಲ. ನಿಜವಾಗಿ ದೂರ ಇಡಬೇಕಾದ್ದು ಮೈ ಸೋಪು. ಅದರ ಪಿಎಚ್ 9ರಿಂದ 10 ಇರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಅದು ಮಡ್ಡಿಯಾಗಿ ಕೂದಲಿಗೆ ಹತ್ತುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಿಗೆ ಇದೆ. ನಿಮ್ಮ ಬೋರ್‌ವೆಲ್ ನೀರು ಗಡಸಾಗಿದ್ದರೆ ಕೊನೆಯ ಎರಡು ಚೊಂಬನ್ನಾದರೂ ಮಳೆನೀರು ಅಥವಾ ಫಿಲ್ಟರ್ ನೀರಿನಲ್ಲಿ ಹುಯ್ದುಕೊಳ್ಳಿ. ಎರಡು ವಾರಕ್ಕೊಮ್ಮೆ ಇಡಿಟಿಎ (ಕ್ಯಾಲ್ಸಿಯಂ ಹಿಡಿದು ತೆಗೆಯುವ ಪದಾರ್ಥ) ಇರುವ ಶ್ಯಾಂಪೂ ಹಾಕಿ, ಎರಡು ನಿಮಿಷ ಬಿಟ್ಟು ತೊಳೆಯಿರಿ. ಬಣ್ಣ ಹಾಕಿಸುವುದಿದ್ದರೆ ಎರಡು ವಾರ ಕಾಯಿರಿ. ಐರನ್ನಿನ ಬಿಸಿಗೆ ಹಳೆಯ ಬಣ್ಣ ಒಂದೆರಡು ಛಾಯೆ ತಿಳಿಯಾಗಿರುತ್ತದೆ, ಅದಕ್ಕೆ ಗಾಬರಿ ಬೇಡ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಸಿಸ್ಟೀನನ್ನು ಮನುಷ್ಯರ ಕೂದಲಿನಿಂದ ತೆಗೆಯುತ್ತಾರೆಂದು ಓದಿದೆ. ಹೌದೇ?
— ಓದುಗರು, ಉಡುಪಿ

ಉತ್ತರ: ಹೌದು, ತೆಗೆಯುತ್ತಿದ್ದರು, ಈಗಲೂ ಕೆಲವೆಡೆ ತೆಗೆಯುತ್ತಾರೆ. ಕೂದಲು, ಬಾತುಕೋಳಿಯ ಗರಿ, ಹಂದಿಯ ಕೂದಲು ಇವನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಕುದಿಸಿದರೆ ಕೆರಾಟಿನ್ ಒಡೆದು ಸಿಸ್ಟಿನ್ ಹೊರಬರುತ್ತದೆ. ಅದನ್ನು ವಿದ್ಯುತ್ತಿನ ಮೂಲಕ ಸಿಸ್ಟೀನ್ ಮಾಡುತ್ತಾರೆ. ತಿರುಮಲದಲ್ಲಿ ಮುಡಿ ಕೊಟ್ಟ ಕೂದಲನ್ನು ಉದ್ದದ ಪ್ರಕಾರ ವಿಂಗಡಿಸಿ ಹರಾಜು ಹಾಕುತ್ತಾರೆ. ನಮ್ಮ ಕೊಪ್ಪಳದ ಭಾಗ್ಯನಗರ ಕೂದಲಿನ ವ್ಯಾಪಾರಕ್ಕೇ ಹೆಸರಾದ ಊರು. ಉದ್ದನೆಯದು ವಿಗ್‌ಗೆ ಹೋಗುತ್ತದೆ, ವಿಗ್‌ಗೆ ಬಾರದ ತುಂಡು ಕೂದಲಿಗೆ ಇರುವ ಬಳಕೆಗಳಲ್ಲಿ ಈ ಅಮೈನೋ ಆಮ್ಲ ತಯಾರಿಕೆಯೂ ಒಂದು.

ಈಗ ಇನ್ನೊಂದು ದಾರಿಯೂ ಇದೆ: ಮಾರ್ಪಡಿಸಿದ ಬ್ಯಾಕ್ಟೀರಿಯಾಕ್ಕೆ ಗ್ಲೂಕೋಸ್ ಉಣಿಸಿ ಹುದುಗಿಸುವುದು. ಎರಡೂ ದಾರಿಯಿಂದ ಬಂದ ಅಣು ಒಂದೇ, ಬಾಟಲಿ ನೋಡಿ ಗೊತ್ತಾಗುವುದಿಲ್ಲ. ಹಸಿರು ಚುಕ್ಕಿ ಅಥವಾ ವೀಗನ್ ಗುರುತು ಇದ್ದರೆ ಸರಿ, ಇಲ್ಲದಿದ್ದರೆ ಕಂಪನಿಗೆ ಇಮೇಲ್ ಬರೆದು "ಸಿಸ್ಟೀನ್ ಮೂಲ ಹುದುಗುವಿಕೆಯದೇ?" ಎಂದು ಕೇಳಿ. ಲೇಬಲ್ಲಿನಲ್ಲಿ "ಹೈಡ್ರೊಲೈಸ್ಡ್ ಕೆರಾಟಿನ್" ಎಂದಿದ್ದರೆ ಅದು ಸಾಮಾನ್ಯವಾಗಿ ಉಣ್ಣೆ, ಗರಿ, ಕೊಂಬಿನಂಥ ಪ್ರಾಣಿಮೂಲದ್ದು.

ಪ್ರಶ್ನೆ: ಡೆಂಗ್ಯೂ ಬಂದು ವಾಸಿಯಾಗಿ ಎರಡೂವರೆ ತಿಂಗಳಾಯಿತು. ಕೂದಲು ಹಿಡಿಹಿಡಿಯಾಗಿ ಉದುರುತ್ತಿದೆ. ಮೆಡಿಕಲ್ ಶಾಪಿನವರು ಸಿಸ್ಟಿನ್ ಮತ್ತು ಬಯೋಟಿನ್ ಇರುವ ಮಾತ್ರೆ ಕೊಟ್ಟಿದ್ದಾರೆ. ಸಿಸ್ಟೀನ್ ಶ್ಯಾಂಪೂ ಕೂಡ ತಂದೆ. ಎಷ್ಟು ದಿನ ಬೇಕು?
— ಓದುಗರು, ದಾವಣಗೆರೆ

ಉತ್ತರ: ಜ್ವರ ಬಂದಾಗ ಬೆಳೆಯುವ ಹಂತದಲ್ಲಿದ್ದ ಕೂದಲುಗಳಲ್ಲಿ ಬಹಳಷ್ಟು ಒಟ್ಟಿಗೆ ವಿಶ್ರಾಂತಿಯ ಹಂತಕ್ಕೆ ಹೋಗಿ, ಎರಡು ಮೂರು ತಿಂಗಳ ಮೇಲೆ ಒಟ್ಟಿಗೆ ಉದುರುತ್ತವೆ. ನಿಮ್ಮ ಲೆಕ್ಕ ಸರಿಯಾಗಿ ಅದಕ್ಕೇ ಹೊಂದುತ್ತದೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಮಾತ್ರೆ ತೆಗೆದುಕೊಂಡವರು "ಮಾತ್ರೆಯಿಂದ ನಿಂತಿತು" ಎನ್ನುವುದು ಇದರಿಂದಲೇ.

ಸಿಸ್ಟಿನ್ ಲೆಕ್ಕ ನೋಡಿ. ಗಂಧಕದ ಅಮೈನೋ ಆಮ್ಲಗಳು, ಅಂದರೆ ಮಿಥಿಯೋನಿನ್ ಮತ್ತು ಸಿಸ್ಟೀನ್ ಎರಡೂ ಸೇರಿ, ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 15 ಮಿಲಿಗ್ರಾಂ ಬೇಕು. 60 ಕಿಲೋ ಇದ್ದರೆ 900 ಮಿಲಿಗ್ರಾಂ. ಕೂದಲಿನ ಕೆಲವು ಮಾತ್ರೆಗಳಲ್ಲಿ ಇರುವ ಸಿಸ್ಟಿನ್ 20 ಮಿಲಿಗ್ರಾಂ. ಒಂದು ಕೋಳಿಮೊಟ್ಟೆಯಲ್ಲಿ ಈ ಎರಡು ಆಮ್ಲಗಳೂ ಸೇರಿ 300 ಮಿಲಿಗ್ರಾಂ ಆಸುಪಾಸು. ಮೊಟ್ಟೆ ತಿನ್ನದವರಿಗೆ ಮುದ್ದೆಯೇ ಒಳ್ಳೆಯ ಜೋಡಿ. ಬೇಳೆಕಾಳಿನ ಪ್ರೋಟೀನಿನಲ್ಲಿ ಕೊರತೆ ಇರುವುದು ಈ ಗಂಧಕದ ಆಮ್ಲಗಳದ್ದೇ, ರಾಗಿಯ ಪ್ರೋಟೀನಿನಲ್ಲಿ ಅವು ಚೆನ್ನಾಗಿವೆ. ರಾಗಿಮುದ್ದೆ, ಹುರುಳಿ ಅಥವಾ ಅವರೆಕಾಳಿನ ಸಾರು, ಮೇಲೊಂದಿಷ್ಟು ಎಳ್ಳಿನ ಚಟ್ನಿ: ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಟ್ಟು ಪ್ರೋಟೀನು 60 ಕಿಲೋಗೆ ದಿನಕ್ಕೆ 50 ಗ್ರಾಂ ಇರಲಿ.

ಬಯೋಟಿನ್ ಎಂಬ ವಿಟಮಿನ್ ಬಗ್ಗೆ ಎಚ್ಚರ. ದಿನಕ್ಕೆ ಬೇಕಿರುವುದು 30–40 ಮೈಕ್ರೋಗ್ರಾಂ, ಮಾತ್ರೆಯಲ್ಲಿ 10 ಮಿಲಿಗ್ರಾಂ ಇದ್ದರೆ ಅದು 250 ಪಟ್ಟು. ವಿಷವೇನಲ್ಲ. ಆದರೆ ಥೈರಾಯ್ಡ್ ಮತ್ತು ಹೃದಯಾಘಾತ ಪತ್ತೆಯ ಟ್ರೋಪೋನಿನ್ ರಕ್ತಪರೀಕ್ಷೆಗಳಲ್ಲಿ ತಪ್ಪು ಫಲಿತಾಂಶ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ರಕ್ತ ಕೊಡುವ ಮುಂಚೆ ಎರಡು ಮೂರು ದಿನ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಆರು ತಿಂಗಳು ದಾಟಿಯೂ ಉದುರಿದರೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ನೋಡಿಸಿ. ಸಿಸ್ಟಿನ್ ಕಲ್ಲು ಆಗುವ ಆನುವಂಶಿಕ ಕಾಯಿಲೆ ಮನೆಯಲ್ಲಿ ಯಾರಿಗಾದರೂ ಇದ್ದರೆ ವೈದ್ಯರನ್ನು ಕೇಳದೆ ಈ ಮಾತ್ರೆ ಬೇಡ. ಸಿಸ್ಟಿನ್ ಮೊದಲು ಸಿಕ್ಕಿದ್ದೇ 1810ರಲ್ಲಿ, ಮೂತ್ರಕೋಶದ ಕಲ್ಲೊಂದರಲ್ಲಿ.

ಶ್ಯಾಂಪೂ? ಸಿಸ್ಟೀನ್ ಕೆಲಸ ಮಾಡುವುದು ಅದರ ಗಂಧಕ ಹೈಡ್ರೋಜನ್ ಕಳೆದುಕೊಂಡಾಗ. ಪಿಎಚ್ 9.3ರಲ್ಲಿ ನೂರಕ್ಕೆ ಸುಮಾರು 90 ಅಣುಗಳು ಆ ಸ್ಥಿತಿಯಲ್ಲಿರುತ್ತವೆ, 7.3ರಲ್ಲಿ ನೂರಕ್ಕೆ 10. ಶ್ಯಾಂಪೂವಿನ ಹುಳಿಯಲ್ಲಿ, 4.3ರ ಹತ್ತಿರ, ಹತ್ತು ಸಾವಿರಕ್ಕೆ ಒಂದು. ಅದೂ ಎರಡು ನಿಮಿಷದಲ್ಲಿ ನೀರಿನ ಜೊತೆ ಚರಂಡಿ ಸೇರುತ್ತದೆ. ಕೂದಲು ತುಸು ತೇವ ಹಿಡಿದುಕೊಳ್ಳಬಹುದು. ಬುಡಕ್ಕೆ ಅದರಿಂದ ಏನೂ ಇಲ್ಲ.

ಪ್ರಶ್ನೆ: ಗ್ಲುಟಾಥಿಯೋನ್ ಇಂಜೆಕ್ಷನ್ ತೆಗೆದುಕೊಂಡರೆ ಮೈಬಣ್ಣ ಬೆಳ್ಳಗಾಗುತ್ತದೆ, ಅದರಲ್ಲೂ ಸಿಸ್ಟೀನೇ ಇರುವುದು ಎನ್ನುತ್ತಾರೆ. ನನಗೆ ಕೆನ್ನೆಯ ಮೇಲೆ ಬಂಗು ಇದೆ.
— ಓದುಗರು, ಬೆಂಗಳೂರು

ಉತ್ತರ: ಗ್ಲುಟಾಥಿಯೋನ್‌ನಲ್ಲಿರುವ ಮೂರು ಅಮೈನೋ ಆಮ್ಲಗಳಲ್ಲಿ ಸಿಸ್ಟೀನ್ ಒಂದು, ಅದು ನಿಜ. ಚರ್ಮದ ಬಣ್ಣ ತಯಾರಾಗುವಾಗ ಮಧ್ಯದಲ್ಲಿ ಸಿಸ್ಟೀನ್ ಬಂದು ಸೇರಿದರೆ ಕಪ್ಪು ಮೆಲನಿನ್ ಬದಲು ಕೆಂಪು–ಹಳದಿ ಮೆಲನಿನ್ ಆಗುತ್ತದೆ. ಇಂಜೆಕ್ಷನ್ ವ್ಯಾಪಾರ ನಿಂತಿರುವುದು ಈ ಒಂದು ಸಾಲಿನ ಮೇಲೆ. ಬಾಯಿಂದ ತೆಗೆದುಕೊಂಡದ್ದು ಹೊಟ್ಟೆಯಲ್ಲೇ ಬಹುಪಾಲು ಒಡೆಯುತ್ತದೆ. ನರಕ್ಕೆ ಕೊಟ್ಟದ್ದರ ಫಲ ಅಲ್ಪ, ನಿಲ್ಲಿಸಿದರೆ ಮಾಯ. ಫಿಲಿಪ್ಪೀನ್ಸ್‌ನ ಔಷಧ ನಿಯಂತ್ರಣ ಸಂಸ್ಥೆ ಕಿಡ್ನಿ ಮತ್ತು ಚರ್ಮದ ತೀವ್ರ ಪ್ರತಿಕ್ರಿಯೆಗಳ ಬಗ್ಗೆ ಎಚ್ಚರಿಸಿದೆ. ಜೊತೆಗೆ ಕೊಡುವ ಹೆಚ್ಚು ಪ್ರಮಾಣದ ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ, ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆ ಇರುವವರಲ್ಲಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೇಡ.

ಬಂಗಿಗೆ ಕೇಳಬಹುದಾದ್ದು ಸಿಸ್ಟಿಯಮೈನ್ ಶೇ 5ರ ಕ್ರೀಮ್, ಸಿಸ್ಟೀನ್‌ನದೇ ಹತ್ತಿರದ ಸಂಬಂಧಿ. ಬಳಸುವ ಕ್ರಮ ಬೇರೆ ಕ್ರೀಮುಗಳಂತಲ್ಲ. ಮುಖ ತೊಳೆದು ಒಂದು ಗಂಟೆಯಾದರೂ ಆಗಿರಬೇಕು, ಆಮೇಲೆ ಕಲೆಯ ಮೇಲೆ ತೆಳುವಾಗಿ ಹಚ್ಚಿ 15 ನಿಮಿಷಕ್ಕೆ ತೊಳೆದು, ಮಾಯಿಶ್ಚರೈಸರ್ ಹಾಕಬೇಕು. ದಿನಕ್ಕೊಮ್ಮೆ ಸಾಕು. ರಾತ್ರಿಯಿಡೀ ಬಿಟ್ಟು ಚರ್ಮ ಸುಟ್ಟುಕೊಂಡು ಇನ್ನಷ್ಟು ಕಪ್ಪಾದವರು ಇದ್ದಾರೆ. ಕೊಳೆತ ಮೊಟ್ಟೆಯಂಥ ವಾಸನೆ ಸಹಿಸಿಕೊಳ್ಳಬೇಕು. ಫಲ ಕಾಣಲು ಮೂರು ನಾಲ್ಕು ತಿಂಗಳು. ಐರನ್ ಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಇಲ್ಲದೆ ಇದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಚರ್ಮವೈದ್ಯರಿಗೆ ತೋರಿಸಿಯೇ ಶುರುಮಾಡಿ.

ಪ್ರಶ್ನೆ: ಆನ್‌ಲೈನಿನಲ್ಲಿ ಸಿಸ್ಟೀನ್ ಪುಡಿ ಸಿಗುತ್ತದೆ. ಕೊಬ್ಬರಿ ಎಣ್ಣೆಗೆ ಅಥವಾ ಲೋಳೆಸರಕ್ಕೆ ಬೆರೆಸಿ ಹಚ್ಚಬಹುದೇ?
— ಓದುಗರು, ಶಿರಸಿ

ಉತ್ತರ: ಎಣ್ಣೆಯಲ್ಲಿ ಕರಗದು, ತಳದಲ್ಲಿ ಮರಳಿನಂತೆ ಕೂರುತ್ತದೆ. ಲೋಳೆಸರದ ನೀರಿನಲ್ಲಿ ಕರಗುತ್ತದೆ, ಆದರೆ ತಾಮ್ರ, ಕಬ್ಬಿಣದ ಅಂಶವುಳ್ಳ ಮನೆ ನೀರು ಬೆರೆಸಿದರೆ ಕೆಲವೇ ದಿನದಲ್ಲಿ ಸಿಸ್ಟಿನ್ ಆಗಿ ಹರಳುಗಟ್ಟಿ ವಾಸನೆ ಹೊಡೆಯುತ್ತದೆ. ಇನ್ನೊಂದು ಅಪಾಯ: ಅಗ್ಗಕ್ಕೆ ಸಿಗುವ ಪುಡಿ ಬಹಳ ಸಲ ಸಿಸ್ಟೀನ್ ಹೈಡ್ರೋಕ್ಲೋರೈಡ್. ಶೇ 1ರ ದ್ರಾವಣವೇ ಪಿಎಚ್ 2ರ ಆಸುಪಾಸು, ನಿಂಬೆರಸದಷ್ಟು ಹುಳಿ. ನೆತ್ತಿ ಉರಿಯುತ್ತದೆ. ಅದನ್ನು ಸರಿಮಾಡಲು ಅಡುಗೆ ಸೋಡಾ ಸುರಿದರೆ, ಅಳತೆ ತಪ್ಪಿದಾಗ, ನಿಮಗೇ ಗೊತ್ತಿಲ್ಲದೆ ಅರ್ಧಂಬರ್ಧ ಪರ್ಮ್ ಲೋಷನ್ ತಯಾರಾಗುತ್ತದೆ, ನ್ಯೂಟ್ರಲೈಜರ್ ಇಲ್ಲದ್ದು.

ಪ್ರಶ್ನೆ: 13 ವರ್ಷದ ಮಗಳು ಓದುತ್ತಾ ಕೂದಲು ಕಿತ್ತುಕೊಳ್ಳುತ್ತಾಳೆ, ನೆತ್ತಿಯಲ್ಲಿ ಬೋಳು ಕಾಣುತ್ತಿದೆ. ಅಸಿಟೈಲ್ ಸಿಸ್ಟೀನ್ ಮಾತ್ರೆಯಿಂದ ನಿಲ್ಲುತ್ತದೆಯಂತೆ?
— ಓದುಗರು, ಮೈಸೂರು

ಉತ್ತರ: ಕಫ ಕರಗಿಸಲು ಕೊಡುವ ಅದೇ ಮಾತ್ರೆ. 2009ರಲ್ಲಿ ವಯಸ್ಕರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ 1200ರಿಂದ 2400 ಮಿಲಿಗ್ರಾಂ ಕೊಟ್ಟಾಗ ಕೀಳುವುದು ಗಣನೀಯವಾಗಿ ಕಡಿಮೆಯಾಯಿತು. ಆದರೆ 2013ರಲ್ಲಿ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ ಔಷಧವಿಲ್ಲದ ಖಾಲಿ ಮಾತ್ರೆಗಿಂತ ಹೆಚ್ಚಿನ ಫಲ ಸಿಗಲಿಲ್ಲ. ನಿಮ್ಮ ಮಗಳಿಗೆ ಬೇಕಿರುವುದು ಅಭ್ಯಾಸ ಬದಲಿಸುವ ತರಬೇತಿ: ಕೈ ತಲೆಗೆ ಹೋಗುವ ಹೊತ್ತನ್ನು ಗುರುತಿಸುವುದು, ಆ ಕೈಗೆ ಬೇರೆ ಕೆಲಸ ಕೊಡುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಬೈಯಬೇಡಿ, ಬೈದಷ್ಟೂ ಬಚ್ಚಿಟ್ಟುಕೊಂಡು ಕೀಳುತ್ತಾರೆ. ಕಿತ್ತ ಕೂದಲನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆಯೇ ನೋಡಿ. ಹಾಗಿದ್ದು ಹೊಟ್ಟೆನೋವು, ವಾಂತಿ ಇದ್ದರೆ ಹೊಟ್ಟೆಯಲ್ಲಿ ಕೂದಲ ಉಂಡೆ ಕಟ್ಟಿರಬಹುದು, ಸ್ಕ್ಯಾನ್ ಮಾಡಿಸಲು ತಡಮಾಡಬೇಡಿ.

ಪ್ರಶ್ನೆ: ಪರ್ಮ್ ಮಾಡಿಸಿ ಮೂರು ವಾರ ಆಯಿತು. ತಲೆಗೆ ನೀರು ಬಿದ್ದಾಗಲೆಲ್ಲ ಗಂಧಕದ ವಾಸನೆ.
— ಓದುಗರು, ಬೆಳಗಾವಿ

ಉತ್ತರ: ಮೊದಲ ಎರಡು ಮೂರು ತಲೆಸ್ನಾನಕ್ಕೆ ಇದು ಸಹಜ. ಮೂರು ವಾರವಾದರೂ ಇದೆ ಎಂದರೆ ನ್ಯೂಟ್ರಲೈಜರ್ ಸರಿಯಾಗಿ ಹಿಡಿದಿಲ್ಲ. ಸುರುಳಿಯೂ ಸಡಿಲವಾಗುತ್ತಿದ್ದರೆ ಅನುಮಾನವೇ ಬೇಡ. ಮಾಡಿದವರ ಹತ್ತಿರವೇ ಹೋಗಿ, ಬರೀ ನ್ಯೂಟ್ರಲೈಜರ್ ಇನ್ನೊಂದು ಸಲ ಹಾಕಿಸಿ, ಬಾಟಲಿಯಲ್ಲಿ ಬರೆದಷ್ಟು ನಿಮಿಷ ಗಡಿಯಾರ ನೋಡಿ ಬಿಡಿಸಿ. ಲೋಷನ್ ಮತ್ತೆ ಹಚ್ಚಗೊಡಬೇಡಿ. ಅಲ್ಲಿಯವರೆಗೆ ಬಣ್ಣವೂ ಬೇಡ, ಐರನ್ನೂ ಬೇಡ.